ನಲವತ್ತೊಂದನೇ ಗರಿ

“ನಲವತ್ತು,” ಎಂದರು ರುದ್ರಾಣಿ ಮೇಡಂ. ಮತ್ತೆ ಎಣಿಸಿದರು. ಮತ್ತೆ ನಲವತ್ತೇ ಬಂತು.

ಅವರ ಕೈ ಕಬ್ಬಿಣದ ಕೊಕ್ಕರೆಯ ಬಲರೆಕ್ಕೆಯ ಅಡಿಗೆ ಹೋಯಿತು. ಅಲ್ಲಿ ಎರಡು ತೂತುಗಳಿದ್ದವು. ಅವುಗಳ ಸುತ್ತ ಲೋಹ ಹೊಸದಾಗಿ ಕೆತ್ತಿದಂತೆ ಬೆಳ್ಳಗಾಗಿತ್ತು. ಗರಿ ಮಾತ್ರ ಇರಲಿಲ್ಲ.

“ಯಾರೋ ಒಂದು ಗರಿ ಕಿತ್ಕೊಂಡು ಹೋಗ್ಯಾರೆ, ತಿಪ್ಪೇಶ್ ಸರ್.”

ಬುಧವಾರ ಸಂಜೆ ನಾಲ್ಕೂವರೆ. ಸಂತೇಬೆನ್ನೂರಿನಿಂದ ನಾಲ್ಕು ಮೈಲಿ ದೂರದ ನಮ್ಮೂರ ಪ್ರೌಢಶಾಲೆಯ ಮುಂದಿನ ಪಡಸಾಲೆ. ಮಕ್ಕಳು ಮನೆಗೆ ಹೋಗಿಯಾಗಿತ್ತು. ನಾನು ಅಲ್ಲಿ ಕನ್ನಡದ ಮೇಷ್ಟ್ರು, ರುದ್ರಾಣಿ ಮೇಡಂ ಗಣಿತದವರು. ಶುಕ್ರವಾರ ಆ ಕೊಕ್ಕರೆಯನ್ನು ಅಂಗಳದ ಕಟ್ಟೆಯ ಮೇಲೆ ನಿಲ್ಲಿಸುವ ಕಾರ್ಯಕ್ರಮವಿತ್ತು. ಅಲ್ಲಿಯವರೆಗೆ ಯಾರೂ ನೋಡಬಾರದೆಂದು ಅದಕ್ಕೆ ತಾಡಪಾಲು ಹೊದಿಸಿ ಪಡಸಾಲೆಯಲ್ಲಿ ಇಟ್ಟಿದ್ದೆವು.

ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಮೇಡಂಗೆ ಈ ಗೀಳು ಹತ್ತಿತು. ಲಾರಿಯ ಹಳೇ ಬ್ರೇಕ್ ಡ್ರಮ್ಮಿನಲ್ಲಿ ಇದ್ದಿಲು ತುಂಬಿ, ಕೂದಲು ಒಣಗಿಸುವ ಮೆಷಿನ್ನಿನಿಂದ ಗಾಳಿ ಹಾಕಿ, ಹಿತ್ತಲಲ್ಲಿ ಕುಲುಮೆ ಮಾಡಿಕೊಂಡರು. ರೈಲು ಕಂಬಿಯ ತುಂಡೇ ಕಬ್ಬಿಣ ಬಡಿಯುವ ಅಡಿಗಲ್ಲು. ಮೊದಲ ವರ್ಷ ಮೊಳೆ ಬಗ್ಗಿಸಿದರು, ಎರಡನೇ ವರ್ಷ ಎಲೆ, ಹೂವು. ಊರಿನವರು ನಕ್ಕರು. ನಕ್ಕವರೇ ಆಮೇಲೆ ಮನೆಯ ಮೂಲೆಯಲ್ಲಿದ್ದ ಮೊಂಡು ಕುಡುಗೋಲು, ಸವೆದ ನೇಗಿಲಿನ ಕುಳ, ಸೈಕಲ್ ಚೈನು ತಂದುಕೊಟ್ಟರು. ಸಿಗದಿದ್ದದ್ದನ್ನು ಮೇಡಂ ಗುಜರಿ ರಂಗಣ್ಣನ ಅಂಗಡಿಯಿಂದ ಆರಿಸಿ ತಂದರು. ಹಾಗೆ ಕೂಡಿದ ನಲವತ್ತೊಂದು ತುಂಡುಗಳು ನಲವತ್ತೊಂದು ಗರಿಗಳಾಗಿ, ಸೂಳೆಕೆರೆಯ ಕೊಕ್ಕರೆಯೊಂದು ರೆಕ್ಕೆ ಬಿಚ್ಚಿತ್ತು.

“ನಾಯಿ ನರಿ ಗರಿ ಕೀಳಲ್ಲ,” ಎಂದೆ. “ಜುಂಜಪ್ಪನವರನ್ನ ಕರೀಲಾ?”

ಜುಂಜಪ್ಪನವರು ನಿವೃತ್ತ ಎಎಸ್‌ಐ. ಹೊನ್ನಾಳಿ, ನ್ಯಾಮತಿ, ಜಗಳೂರು, ಚನ್ನಗಿರಿ ಎಂದು ಠಾಣೆಯಿಂದ ಠಾಣೆಗೆ ಅಲೆದು, ಕೊನೆಗೆ ಹೆಂಡತಿಯ ಊರಾದ ನಮ್ಮಲ್ಲಿ ನೆಲೆಸಿದವರು. ದಿನಾ ಸಂಜೆ ನನ್ನ ಜೊತೆ ಕೆರೆ ಏರಿಯ ಮೇಲೆ ನಡೆಯುವ ಸಂಗಾತಿ. ಫೋನು ಮಾಡಿದ ಹತ್ತು ನಿಮಿಷಕ್ಕೆ ಬಂದರು. ಕೊಕ್ಕರೆಯ ಸುತ್ತ ಎರಡು ಸುತ್ತು ಹಾಕಿದರು. ಕನ್ನಡಕ ಏರಿಸಿ ತೂತುಗಳನ್ನು ನೋಡಿದರು.

“ಇದನ್ನ ಹೆಂಗೆ ಕೂರಿಸಿದ್ರಿ, ಮೇಡಂ?”

“ಎರಡು ರಿವೆಟ್ ಹೊಡೆದು. ನನಗೆ ವೆಲ್ಡಿಂಗ್ ಬರಲ್ಲ.”

“ಗ್ರೈಂಡರಿನಲ್ಲಿ ಕೊಯ್ದಿದ್ರೆ ನುಣ್ಣಗಿರ್ತಿತ್ತು. ಇದು ಚಾಣ ಇಟ್ಟು ಹೊಡೆದಿರೋದು. ಒಂದೊಂದಕ್ಕೆ ಒಂದೊಂದೇ ಏಟು.” ಅವರು ಮೇಲಿನ ಸಾಲಿಗೆ ಬೆರಳು ಮಾಡಿದರು. “ಅದು ಹಿತ್ತಾಳೆ ಅಲ್ವಾ? ಅದರ ಪಕ್ಕದ್ದು ತಾಮ್ರ?”

“ಹೌದು. ಹಳೇ ಹಂಡೆಯದು.”

“ತಾಮ್ರ ಮುಟ್ಟಿಲ್ಲ, ಹಿತ್ತಾಳೆ ಮುಟ್ಟಿಲ್ಲ. ಅಡಿಯಲ್ಲಿ ಮುಚ್ಚಿಕೊಂಡಿದ್ದ ಕಬ್ಬಿಣದ ಗರಿ ಒಂದನ್ನೇ ಹುಡುಕಿ ತಗೊಂಡಾನೆ.” ಅವರು ಮೇಡಂ ಕಡೆ ತಿರುಗಿದರು. “ಈ ಗರಿ ಗರಿಯಾಗೋಕೆ ಮುಂಚೆ ಏನಾಗಿತ್ತು?”

ರುದ್ರಾಣಿ ಮೇಡಂ ತಬ್ಬಿಬ್ಬಾದರು. “ನೆನಪಿಲ್ಲ ಸರ್. ನಲವತ್ತೊಂದು ಸಾಮಾನು... ಆದ್ರೆ ಬೆಂಕಿಗೆ ಹಾಕೋ ಮುಂಚೆ ಎಲ್ಲದರ ಫೋಟೋ ತೆಗ್ದಿದೀನಿ. ಹುಡುಕ್ತೀನಿ.”

“ಹುಡುಕಿ. ಅಲ್ಲೀತನಕ ಹೇಳ್ರಿ, ಇದನ್ನ ಮೊದಲೇ ನೋಡಿದೋರು ಯಾರ್ಯಾರು?”

“ನಿನ್ನೆ ಮಂಗಳವಾರ ಮನೆಯಿಂದ ಇಲ್ಲಿಗೆ ತಂದಿದ್ದು ನಿಂಗರಾಜನ ಲಗೇಜ್ ಆಟೋದಾಗೆ. ಹಗ್ಗ ಕಟ್ಟಿ, ಇಳಿಸಿಕೊಟ್ಟ. ಇವತ್ತು ಬೆಳಗ್ಗೆ ವೆಲ್ಡಿಂಗ್ ಕಲ್ಲೇಶ್ ಬಂದು ಅಡಿಪಟ್ಟಿಯ ಅಳತೆ ತಗೊಂಡು ಹೋದ. ಅಷ್ಟೇ.”

“ಕಲ್ಲೇಶಂಗೂ ನಿಮಗೂ ಆಗಿ ಬರಲ್ಲ ಅಂತ ಕೇಳಿದೀನಿ?”

ಮೇಡಂ ಸ್ವಲ್ಪ ನಕ್ಕರು. “ಕಬ್ಬಿಣ ಹೆಣ್ಮಕ್ಕಳ ಕೈಗೆ ಬಗ್ಗಲ್ಲ ಅಂತಿದ್ದ. ಇವತ್ತು ತಾಡಪಾಲು ಸರಿಸಿ ನೋಡಿ ಏನೂ ಅನ್ನಲಿಲ್ಲ.”

“ನಿಂಗರಾಜ?”

“ಅವನು ಪಾಪ... ರೆಕ್ಕೆಗೆ ಹಗ್ಗ ಸುತ್ತುತ್ತಾ ಸುತ್ತುತ್ತಾ ಹಂಗೇ ನಿಂತುಬಿಟ್ಟಿದ್ದ. ಭಾರ ಆತೇನಪ್ಪ ಅಂದೆ. ಇಲ್ಲ ಮೇಡಂ, ಚಂದ ಐತೆ ಅಂದ.”

ಜುಂಜಪ್ಪನವರು ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ಇವತ್ತು ಇಲ್ಲಿ ವಿಶೇಷ ಏನಾದ್ರೂ ನಡೀತಾ? ಸಣ್ಣದಾದ್ರೂ ಸರಿ.”

ಯೋಚಿಸಿದೆ. “ಏನೂ ಇಲ್ಲ. ಮಕ್ಕಳು ಊಟಕ್ಕೆ ಹಿಂದೆ ಹೋಗಿದ್ರು, ನಾವೆಲ್ಲ ಸ್ಟಾಫ್ ರೂಮಿನಲ್ಲಿ ಇದ್ವಿ. ಒಂದೂವರೆಗೆ ಯಾವನೋ ತರಲೆ ಎರಡು ಸಲ ಗಂಟೆ ಹೊಡೆದ, ಬೈಯೋಣ ಅಂತ ಬಾಗಿಲಿಗೆ ಬಂದೆ. ಗಂಟೆ ಹತ್ರ ಯಾರೂ ಇರಲಿಲ್ಲ.”

“ಎರಡು ಸಲ?”

“ಎರಡೇ.”

ಅವರು ನನ್ನನ್ನು ಸ್ಟಾಫ್ ರೂಮಿಗೆ ಕಳಿಸಿ ಬಾಗಿಲು ಹಾಕಿಕೊಳ್ಳಲು ಹೇಳಿದರು. ಕುರ್ಚಿಯಲ್ಲಿ ಕೂತೆ. ಠಣ್! ಸ್ವಲ್ಪ ಬಿಟ್ಟು ಇನ್ನೊಂದು, ಠಣ್! ಅದೇ ಸದ್ದು. ಹೊರಗೆ ಓಡಿ ಬಂದೆ. ಗಂಟೆಯೆಂದು ನಾವು ತೂಗುಹಾಕಿದ್ದ ಕಂಬಿಯ ಹತ್ತಿರ ಯಾರೂ ಇರಲಿಲ್ಲ. ಜುಂಜಪ್ಪನವರು ಕೊಕ್ಕರೆಯ ಪಕ್ಕ ಸುತ್ತಿಗೆ ಹಿಡಿದು ನಿಂತಿದ್ದರು.

“ನೀವು ಕೇಳಿದ್ದು ಗಂಟೆ ಅಲ್ಲ, ಮೇಷ್ಟ್ರೇ. ಎರಡು ರಿವೆಟ್, ಎರಡು ಏಟು. ಒಂದೂವರೆಗೆ.”

ನನಗೆ ನಾಚಿಕೆಯಾಯಿತು. ಬಾಗಿಲಿಗೆ ಬಂದವನು ನಾಲ್ಕು ಹೆಜ್ಜೆ ಮುಂದೆ ಇಟ್ಟಿದ್ದರೆ ಸಾಕಿತ್ತು.

ಗುರುವಾರ ಬೆಳಗ್ಗೆ ಮೇಡಂ ಮೊಬೈಲ್ ಹಿಡಿದುಕೊಂಡು ಬಂದರು. ಫೋಟೋ ಸಿಕ್ಕಿತ್ತು. ಸಣ್ಣ ಸರಳುಗಳ ಒಂದು ಚೌಕಟ್ಟು. ಅಲ್ಲಲ್ಲಿ ಹೊಳಪು ಸಿಪ್ಪೆ ಎದ್ದಿತ್ತು. ನಡುವೆ ತೆಳ್ಳನೆಯ ಕಂಬಿಯನ್ನು ಬಗ್ಗಿಸಿ ಯಾರೋ ಒಂದು ಅಕ್ಷರ ಕೂರಿಸಿದ್ದರು. ‘ಪ’.

“ಬೈಕಿನ ಸೀರೆ ಗಾರ್ಡ್,” ಎಂದರು ಮೇಡಂ. “ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕಬಾರದು ಅಂತ ಹಾಕಿರ್ತಾರಲ್ಲ, ಅದು. ರಂಗಣ್ಣನ ರಾಶಿಯಲ್ಲಿ ಬಿದ್ದಿತ್ತು. ಯಾರೋ ಯಾರಿಗೋ ಪ್ರೀತಿಯಿಂದ ಮಾಡಿಸಿದ್ದು ಅನ್ನಿಸ್ತು. ಅದಕ್ಕೇ ಆ ಅಕ್ಷರಕ್ಕೆ ಬೆಂಕಿ ತಾಗಿಸಲಿಲ್ಲ. ತುದಿ ಮಾತ್ರ ಕಾಯಿಸಿ ಗರಿ ಥರ ಬಾಗಿಸಿದೆ.”

ಜುಂಜಪ್ಪನವರು ಫೋಟೋದ ಮೇಲಿದ್ದ ತಾರೀಖನ್ನು ಓದಿದರು. ಎರಡು ವರ್ಷದ ಹಿಂದಿನ ಏಪ್ರಿಲ್ ಹನ್ನೊಂದು. ಯುಗಾದಿ ಕಳೆದ ಎರಡನೇ ದಿನ.

“ಮಧ್ಯಾಹ್ನ ರಜೆ ಹಾಕಿ ಬರ್ರಿ, ಕಲ್ಲೇಶನ್ನ ನೋಡಿ ಬರೋಣ.”

ಸಂತೇಬೆನ್ನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಕಲ್ಲೇಶನ ವೆಲ್ಡಿಂಗ್ ಅಂಗಡಿ. ನಮ್ಮನ್ನು ನೋಡಿದ್ದೇ ಮುಖ ಗಂಟು ಹಾಕಿದ.

“ಗರಿ ಕಳುವಾಗೈತೆ ಅಂತ ಗೊತ್ತಾತು ಸಾಹೇಬ್ರೇ. ನನ್ನ ಮೇಲೇ ಅನುಮಾನ ಬರತೈತೆ ಅಂತಾನೂ ಗೊತ್ತಿತ್ತು.”

“ನಿನ್ನೆ ಒಂದೂವರೆಗೆ ಎಲ್ಲಿದ್ದಿ?”

“ಹನ್ನೆರಡಕ್ಕೇ ಚನ್ನಗಿರಿ ಬಸ್ ಹತ್ತಿದೆ. ಅಲ್ಲೊಂದು ಮನೆ ಗೇಟ್ ಕೂರಿಸೋದಿತ್ತು. ನಾಲ್ಕು ಜನ ಸಾಕ್ಷಿ ಕೊಡ್ತೀನಿ, ಬೇಕಾ?”

“ಬೇಡ. ಗೇಟು ಕೂರಿಸೋನು ಚಾಣದಲ್ಲಿ ರಿವೆಟ್ ಕಡಿಯಲ್ಲ, ಗ್ರೈಂಡರ್ ತರ್ತಾನೆ.” ಜುಂಜಪ್ಪನವರು ಮೊಬೈಲ್ ಮುಂದೆ ಹಿಡಿದರು. “ಇದು ಯಾರ ಕೈಕೆಲಸ?”

ಕಲ್ಲೇಶ ಕಪ್ಪು ಕನ್ನಡಕ ತೆಗೆದು ನೋಡಿದ. ಗಂಟು ಹಾಕಿದ್ದ ಮುಖ ಸಡಿಲವಾಯಿತು.

“ನಂದೇ. ಈ ಮೂಲೇಲಿ ಬೆಸುಗೆ ಟಾಕಿ ಸ್ವಲ್ಪ ದಪ್ಪ ಆಗಿತ್ತು... ಇದು ಮೇಡಂ ಹತ್ರ ಹೆಂಗೆ ಬಂತು?”

“ಯಾರಿಗೆ ಮಾಡಿಕೊಟ್ಟಿ?”

ಕಲ್ಲೇಶ ಕೈಗವಸು ಬಿಚ್ಚಿದ, ಮತ್ತೆ ಹಾಕಿಕೊಂಡ.

“ನಿಂಗರಾಜಂಗೆ. ಮದುವೆ ಆದ ಹೊಸದರಲ್ಲಿ ಬೈಕ್ ತಂದಿದ್ದ. ಹೆಂಡ್ತಿ ಹೆಸರಿನ ಅಕ್ಷರ ಹಾಕ್ಕೊಡು, ಅವಳು ಕೂರೋ ಕಡೆಗೇ ಇರಲಿ ಅಂದಿದ್ದ.”

ಪವಿತ್ರ.

ನನ್ನ ಹಳೇ ವಿದ್ಯಾರ್ಥಿನಿ. ಎರಡು ವರ್ಷದ ಹಿಂದೆ, ಶ್ರಾವಣದ ಮೊದಲ ಸೋಮವಾರ, ಗಂಡನ ಬೈಕಿನ ಹಿಂದೆ ಕೂತು ದೇವಸ್ಥಾನಕ್ಕೆ ಹೊರಟಿದ್ದಳು. ಸೆರಗು ಚಕ್ರಕ್ಕೆ ಸಿಕ್ಕಿತು. ರಸ್ತೆಗೆ ಬಿದ್ದವಳು ಮತ್ತೆ ಕಣ್ಣು ಬಿಡಲಿಲ್ಲ. ಎರಡು ವರ್ಷದ ಮಗಳನ್ನು ಬಿಟ್ಟು ಹೋದಳು. ಮಣ್ಣಿಗೆ ನಾನೂ ಹೋಗಿದ್ದೆ. ಅವಳ ತಾಯಿ ಶಂಕ್ರಮ್ಮ ಎದೆ ಎದೆ ಬಡಿದುಕೊಂಡು ಒಂದೇ ಮಾತು ಹೇಳುತ್ತಿದ್ದಳು — “ಚೂಡಿದಾರ ಹಾಕ್ಕೊಂಡು ಹೊರಟಿದ್ಲು. ನಾನೇ ಬಿಡಲಿಲ್ಲ. ಹೊಸ ಸೀರೆ ಉಟ್ಕೋ ಅಂತ ನಾನೇ ಉಡಿಸಿ ಕಳಿಸಿದೆ.”

ಶಂಕ್ರಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಜುಂಜಪ್ಪನವರು ಕೇಳಿದರು.

“ಅಪಘಾತ ಆದಾಗ ನಿಂಗರಾಜ ಏನು ಹೇಳಿದ್ದ, ನೆನಪೈತಾ?”

“ಗಾರ್ಡ್ ಇತ್ತು, ಆದ್ರೂ ಉದ್ದ ಸೆರಗು ಒಳಗೆ ಎಳ್ಕೊಂಡುಬಿಟ್ತು ಅಂದಿದ್ದ. ಬಿದ್ದ ಏಟಿಗೆ ಗಾರ್ಡ್ ನಜ್ಜುಗುಜ್ಜಾತು, ಅಲ್ಲೇ ರಸ್ತೇಲಿ ಬಿಸಾಕಿ ಬಂದೆ ಅಂತ.”

“ಶ್ರಾವಣ ಬಂದಿದ್ದು ಆಗಸ್ಟಿಗೆ. ಮೇಡಂ ಫೋಟೋ ತೆಗೆದಿದ್ದು ಏಪ್ರಿಲ್‌ಗೆ.”



ಊರ ಸರ್ಕಲ್ಲಿನ ಬೇವಿನ ಮರದ ಕೆಳಗೆ ನಿಂಗರಾಜ ಆಟೋ ನಿಲ್ಲಿಸಿಕೊಂಡು ಒಬ್ಬನೇ ಕೂತಿದ್ದ. ಮೂವತ್ತು ದಾಟಿದ ಆಳು, ಕೆನ್ನೆ ಒಳಗೆ ಹೋಗಿತ್ತು. ನಮ್ಮನ್ನು ನೋಡಿ ಎದ್ದು ನಿಂತ.

“ಏನ್ ಸಾಹೇಬ್ರೇ, ಬಾಡಿಗೆ ಐತಾ?”

“ಇಲ್ಲಪ್ಪ. ನಿನ್ನೆ ಮಧ್ಯಾಹ್ನ ಶಾಲೆಗೆ ಬಂದಿದ್ದೇನು?”

“ಹೌದ್ರಿ. ಬುಧವಾರ ಬುಧವಾರ ಬಿಸಿಯೂಟದ ಅಕ್ಕಿ, ತರಕಾರಿ ನಾನೇ ಇಳಿಸೋದು.”

“ಎಷ್ಟೊತ್ತಿಗೆ?”

“ಒಂದು... ಒಂದೂಕಾಲು.”

“ಹಿಂದಿನ ಗೇಟು ಸಣ್ಣದು. ಆಟೋ ಮುಂದೆ ನಿಲ್ಲಿಸಿ ಚೀಲ ಹೊತ್ಕೊಂಡು ಪಡಸಾಲೆ ದಾಟೇ ಹೋಗಬೇಕು ಅಲ್ವಾ?”

“ಹೌದು. ಅದಕ್ಕೇನು?” ಅವನ ದನಿ ಏರಿತು. “ನನಗ್ಯಾಕೆ ಬೇಕು ಸಾಹೇಬ್ರೇ, ಯಾರದೋ ಕೊಕ್ಕರೆ ಗರಿ?”

“ನಾನು ಗರಿ ಸುದ್ದೀನೇ ಎತ್ತಿಲ್ಲ, ನಿಂಗರಾಜ.”

ಅವನು ಆಟೋದ ಕಂಬಿ ಹಿಡಿದುಕೊಂಡ. ಜುಂಜಪ್ಪನವರು ದನಿ ಏರಿಸಲಿಲ್ಲ. ಮನೆಯವರಿಗೆ ಬುದ್ಧಿ ಹೇಳುವ ಹಾಗೆ ಮೆಲ್ಲಗೆ ಹೇಳುತ್ತಾ ಹೋದರು.

“ಎಲ್ಲರೂ ಗರಿ ಎಲ್ಲಿಗೆ ಹೋತು ಅಂತ ಕೇಳಿದ್ರು. ನನಗೆ ಅದು ಎಲ್ಲಿಂದ ಬಂತು ಅನ್ನೋದು ಬೇಕಿತ್ತು. ತಾಮ್ರ ಬಿಟ್ಟು ತುಕ್ಕು ಕಬ್ಬಿಣ ಒಯ್ದೋನಿಗೆ ಲೋಹದ ಆಸೆ ಇರಲಿಲ್ಲ. ಆ ಗರಿ ಯಾರ ಕಣ್ಣಿಗೋ ಬೀಳಬಾರದು ಅನ್ನೋ ಭಯ ಇತ್ತು. ಯಾರ ಕಣ್ಣಿಗೆ? ಇಡೀ ಊರು ಶುಕ್ರವಾರ ಒಂದು ದಿನ ನೋಡತೈತೆ. ದಿನಾ ಆ ಅಂಗಳ ದಾಟಿ ಹೋಗೋಳು, ಆ ಅಕ್ಷರ ಕಂಡ ಕೂಡ್ಲೇ ಗುರುತು ಹಿಡಿಯೋಳು ಒಬ್ಬಳೇ. ನಿಮ್ಮತ್ತೆ. ಮಂಗಳವಾರ ಹಗ್ಗ ಸುತ್ತುವಾಗ ನಿನ್ನ ಕೈಗೆ ಆ ‘ಪ’ ತಾಗಿತು. ಬುಧವಾರ ಚೀಲದ ಸಂಗಡ ಚಾಣ ಸುತ್ತಿಗೆ ತಂದಿ. ಹೊಡೆದ ಎರಡು ಏಟು ನಮ್ಮ ಮೇಷ್ಟ್ರಿಗೆ ಗಂಟೆ ಥರ ಕೇಳಿಸ್ತು. ಸುಳ್ಳಾದ್ರೆ ಸುಳ್ಳು ಅನ್ನು.”

ನಿಂಗರಾಜ ಬಗ್ಗಿ ಆಟೋದ ಸೀಟು ಎತ್ತಿದ. ಒಂದು ಟವೆಲ್ ಸುತ್ತಿದ ಗಂಟು ತೆಗೆದ.

“ಕೆರೆಗೆ ಎಸೆಯಾಕೆ ಹೋಗಿದ್ದೆ, ಸಾಹೇಬ್ರೇ. ಏರಿ ಮೇಲೆ ಒಂದು ತಾಸು ನಿಂತಿದ್ದೆ. ಕೈ ಬರಲಿಲ್ಲ.”

“ಯಾವಾಗ ಬಿಚ್ಚಿದ್ದಿ ಇದನ್ನ?”

“ಸಂಕ್ರಾಂತಿ ಮುಂದೆ. ಬೈಕಿನಾಗೆ ಡೈರಿಗೆ ಹಾಲು ಹೊಡೀತಿದ್ದೆ, ಕ್ಯಾನ್ ಕಟ್ಟಾಕೆ ಗಾರ್ಡ್ ಅಡ್ಡ ಬರ್ತಿತ್ತು. ಬಿಚ್ಚಿ ಅಟ್ಟಕ್ಕೆ ಹಾಕಿದೆ. ಆಮೇಲೆ ಹಾಲಿನ ಕೆಲಸ ಬಿಟ್ಟೆ, ಹಾಕಿಸೋಣ ಹಾಕಿಸೋಣ ಅಂತ... ಯುಗಾದಿಗೆ ಮನೆ ತೊಳೆಯುವಾಗ ಹಳೇ ಸಾಮಾನಿನ ಜೊತೆ ಗುಜರಿಗೆ ಹೋಗಿಬಿಡ್ತು. ನಾನೂ ನೋಡಲಿಲ್ಲ.” ಅವನು ಟವೆಲ್ಲನ್ನು ಎದೆಗೆ ಒತ್ತಿಕೊಂಡ. “ಅವತ್ತು ಆಸ್ಪತ್ರೇಲಿ ಎಲ್ಲರೂ ಕೇಳಿದ್ರು, ಗಾರ್ಡ್ ಇರಲಿಲ್ವೇನೋ ಅಂತ. ಇತ್ತು ಅಂದೆ. ಬಾಯಿಗೆ ಬಂದುಬಿಡ್ತು. ಒಂದು ಸಲ ಅಂದ ಮೇಲೆ ಹೆಂಗೆ ತಿರುಗಿಸಲಿ?”

ಜುಂಜಪ್ಪನವರು ಅವನ ಹೆಗಲ ಮೇಲೆ ಕೈಯಿಟ್ಟರು.

“ನಿಮ್ಮತ್ತೆ ಎರಡು ವರ್ಷದಿಂದ ತಾನೇ ಮಗಳನ್ನ ಕೊಂದೆ ಅಂದ್ಕೊಂಡು ಅನ್ನ ಬೇಯಿಸ್ತಾಳೆ. ಅದು ನಿನಗೆ ಗೊತ್ತು. ಕಳವಿನ ಮಾತು ನಾನು ಮೇಡಂ ಹತ್ರ ಮುಗಿಸ್ತೀನಿ. ಆದ್ರೆ ಆ ಮಾತು ನಾನು ಹೇಳೋದಲ್ಲ.”

ನಿಂಗರಾಜ ಆಟೋ ಕಡೆ ಕೈ ತೋರಿಸಿದ. “ಹತ್ರಿ. ಈಗಲೇ ಹೋಗೋಣ. ನಾಳೆ ಅಂದ್ರೆ ಮತ್ತೆ ಆಗಲ್ಲ.”

ಶಾಲೆಗೆ ಬಂದಾಗ ಮೂರೂಮುಕ್ಕಾಲು. ಅಡುಗೆಮನೆಯ ಹಿಂದಿನ ಕಲ್ಲಿನ ಮೇಲೆ ಕೂತು ಶಂಕ್ರಮ್ಮ ಸಾರಿನ ದೊಡ್ಡ ಪಾತ್ರೆ ತಿಕ್ಕುತ್ತಿದ್ದಳು. ರುದ್ರಾಣಿ ಮೇಡಂಗೆ ನಾನು ದಾರಿಯಲ್ಲೇ ಫೋನಿನಲ್ಲಿ ಹೇಳಿದ್ದೆ. ಅವರು ಬಾಗಿಲ ಹತ್ತಿರ ಬಂದು ನಿಂತರು. ನಾನೂ ಜುಂಜಪ್ಪನವರೂ ದೂರವೇ ಉಳಿದೆವು.

ನಿಂಗರಾಜ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಟವೆಲ್ ಬಿಚ್ಚಿದ.

ಶಂಕ್ರಮ್ಮ ಬೂದಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನೋಡಿದಳು. ಆಕೆಯ ಮುಖ ಅರಳಿದ್ದನ್ನು ನಾನು ಎರಡು ವರ್ಷದಲ್ಲಿ ಮೊದಲ ಸಲ ಕಂಡೆ.

“ಅಯ್ಯೋ, ಇದು ಪವೀದಲ್ಲೇನೋ! ಎಲ್ಲಿ ಸಿಕ್ತೋ ನಿಂಗರಾಜ?” ಎರಡೂ ಕೈಯಲ್ಲಿ ಎತ್ತಿಕೊಂಡಳು. ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದಳು. “ನೋಡ್ರಿ ಮೇಷ್ಟ್ರೇ, ಇದರ ಮೇಲೇ ಕಾಲಿಟ್ಕೊಂಡು ಕೂರ್ತಿದ್ಲು, ಬೈತಿದ್ದೆ ನಾನು. ಎಷ್ಟು ಚಂದ ಉಳಿದೈತೆ. ತುದಿ ಬಿಟ್ರೆ ಒಂದು ಚೂರೂ ಬಗ್ಗಿಲ್ಲ. ಒಂದು ಚೂರೂ...”



ತಾನಾಡಿದ ಮಾತು ತನಗೇ ಕೇಳಿಸಿದಂತೆ ಆಕೆ ಕೈಯಲ್ಲಿದ್ದದ್ದನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. ಆಮೇಲೆ ಅಳಿಯನ ಮುಖ ನೋಡಿದಳು.

“ಅವತ್ತು ಇದು ಗಾಡೀಲಿ ಇರಲಿಲ್ಲ, ಅತ್ತೆ.”

ನಲ್ಲಿಯ ನೀರು ಪಾತ್ರೆಗೆ ಬೀಳುತ್ತಲೇ ಇತ್ತು. ಯಾರೂ ನಿಲ್ಲಿಸಲಿಲ್ಲ.

“ಅವಳಿಗೆ ಗೊತ್ತಿತ್ತೇನು?” ಎಂದಳು ಶಂಕ್ರಮ್ಮ.

“ಗೊತ್ತಿತ್ತು. ಹಾಕಿಸ್ರಿ ಅಂತ ಎರಡು ಸಲ ಹೇಳಿದ್ಲು. ನಾಳೆ ಅಂದೆ.”

“ಅದಕ್ಕೇ ಚೂಡಿದಾರ ಹಾಕ್ಕೊಂಡಿದ್ಲೇನು?”

ನಿಂಗರಾಜ ಅಳುತ್ತಾ ಹೌದೆಂದು ತಲೆಯಾಡಿಸಿದ.

“ನನಗೆ ಹೇಳಲಿಲ್ಲ ನೋಡು. ಗಂಡನ್ನ ಬೈತಾಳೆ ಅವ್ವ ಅಂತ, ಸುಮ್ಮನೆ ಸೀರೆ ಉಟ್ಕೊಂಡು ಹೋದ್ಲು.” ಶಂಕ್ರಮ್ಮನ ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕಿಂತ ಭಾರವಾದುದೇನೋ ಇತ್ತು. “ಎರಡು ವರ್ಷ, ನಿಂಗರಾಜ. ನಿನ್ನ ಮುಂದೇ ಕೂತು ತಲೆ ಚಚ್ಕೊಂಡೀನಿ. ಹಬ್ಬಕ್ಕೆ ಒಂದು ಹೊಸ ಸೀರೆ ಉಡಲಿಲ್ಲ, ಯಾರಿಗೂ ಕೊಡಲಿಲ್ಲ. ನನ್ನ ಕೈ ಪಾಪದ ಕೈ ಅಂತ ಮಗೂಗೆ ತುತ್ತು ತಿನ್ಸಾಕೂ ಹೆದರ್ತಿದ್ದೆ. ನೀನು ನೀರು ತಂದು ಕೊಡ್ತಿದ್ದಿ, ಅಳಬ್ಯಾಡ್ರಿ ಅತ್ತೆ ಅಂತಿದ್ದಿ. ಒಂದು ದಿನಾನೂ ಬಾಯಿ ಬಿಡಲಿಲ್ಲಲ್ಲೋ.”

“ಹೇಳಿದ್ರೆ ಪುಟ್ಟೀನ ಕರ್ಕೊಂಡು ಹೋಗಿಬಿಡ್ತೀರಿ ಅಂತ... ನನಗೆ ಇನ್ಯಾರೂ ಇಲ್ಲ, ಅತ್ತೆ.”

“ನನಗೆ ಯಾರಿದ್ರು?”



ಶಂಕ್ರಮ್ಮ ಅವನನ್ನು ಹೊಡೆಯಲಿಲ್ಲ, ಶಪಿಸಲಿಲ್ಲ. ಗಾರ್ಡನ್ನು ಪಕ್ಕಕ್ಕಿಟ್ಟು ಅರ್ಧ ತಿಕ್ಕಿದ್ದ ಪಾತ್ರೆಯನ್ನು ಪೂರ್ತಿ ತಿಕ್ಕಿದಳು. ತೊಳೆದಳು. ಗೋಡೆಗೆ ಬೋರಲು ಹಾಕಿದಳು. ನಾವು ನಾಲ್ಕು ಜನ ಅಷ್ಟು ಹೊತ್ತೂ ಇದ್ದಲ್ಲೇ ಇದ್ದೆವು. ಯಾರಿಗೂ ಹೋಗುವ ಧೈರ್ಯವಾಗಲಿಲ್ಲ. ಕೈಕಾಲು ತೊಳೆದುಕೊಂಡು ಆಕೆ ಗಾರ್ಡನ್ನು ರುದ್ರಾಣಿ ಮೇಡಂ ಕೈಗೆ ಕೊಟ್ಟಳು.

“ತಗೊಳ್ರಿ.”

“ಬೇಡ ಶಂಕ್ರಮ್ಮ. ನಿಮ್ಮ ಮಗಳದು, ನಿಮ್ಮ ಹತ್ರಾನೇ ಇರಲಿ. ಆ ಜಾಗ ಖಾಲಿ ಬಿಡ್ತೀನಿ.”

“ಖಾಲಿ ಬಿಡಬ್ಯಾಡ್ರಿ. ಅಡೀಗೆ ಮುಚ್ಚೂ ಇಡಬ್ಯಾಡ್ರಿ. ಎಲ್ಲರಿಗೂ ಕಾಣೋ ಹಂಗೆ ಮ್ಯಾಲೆ ಹಾಕ್ರಿ. ಪವಿತ್ರನ ಅವ್ವ ಸೀರೆ ಉಡಿಸಿ ಮಗಳನ್ನ ಕಳ್ಕೊಂಡ್ಲು ಅಂತ ಊರು ಮಾತಾಡೈತೆ. ಯಾರಾದ್ರೂ ಕೇಳಿದ್ರೆ ಇದೇನಂತ ಹೇಳ್ರಿ.” ಬಾಗಿಲು ದಾಟುತ್ತಾ ಆಕೆ ಯಾರಿಗೂ ಅಲ್ಲವೆಂಬಂತೆ ಅಂದಳು, “ಅಂಗನವಾಡಿ ಬಿಡೋ ಹೊತ್ತಾತು.”

ನಿಂಗರಾಜ ಮುಖ ಒರೆಸಿಕೊಂಡು ಓಡಿದ. ಆಟೋ ಚಾಲೂ ಮಾಡಿ ಆಕೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಶಂಕ್ರಮ್ಮ ಹತ್ತಲಿಲ್ಲ. ಆಟೋ ಕಡೆ ನೋಡಲೂ ಇಲ್ಲ. ನಡೆಯುತ್ತಾ ಹೋದಳು. ಅವನು ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಆಮೇಲೆ ಎಂಜಿನ್ ಆರಿಸಿದ, ಇಳಿದ.

“ನಿಮ್ಮ ಕಾಯ್ದೆಯಲ್ಲಿ ಇದಕ್ಕೆ ಏನೈತೆ?” ಎಂದು ಜುಂಜಪ್ಪನವರನ್ನು ಕೇಳಿದೆ.

“ಅಷ್ಟು ಠಾಣೆ ಸುತ್ತಿದೆ, ಮೇಷ್ಟ್ರೇ,” ಎಂದರು ಅವರು. “ಇಂಥದ್ದಕ್ಕೆ ಎಲ್ಲೂ ಏನೂ ಇರಲಿಲ್ಲ.”

ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಶಂಕ್ರಮ್ಮ ಮುಂದೆ, ನಿಂಗರಾಜ ಹತ್ತು ಮಾರು ಹಿಂದೆ. ಅವನು ಹತ್ತಿರ ಹೋಗುವ ಪ್ರಯತ್ನ ಮಾಡಲಿಲ್ಲ. ಬರಬೇಡ ಎಂದು ಆಕೆಯೂ ಹೇಳಲಿಲ್ಲ. ತಿರುವಿನಲ್ಲಿ ಅಂಗನವಾಡಿಯ ಹಸಿರು ಬಾಗಿಲು ತೆರೆಯಿತು. ನಾಲ್ಕು ವರ್ಷದ ಮಗುವೊಂದು ಚೀಲ ಅಲ್ಲಾಡಿಸುತ್ತಾ ಹೊರಗೆ ಓಡಿ ಬಂದು, ಅಜ್ಜಿಯ ಕೈ ಹಿಡಿದುಕೊಂಡು, ಹಿಂದೆ ನಿಂತಿದ್ದ ಅಪ್ಪನನ್ನು “ಬಾ, ಬಾ” ಎಂದು ಕೂಗತೊಡಗಿತು.